ಆರಿಸುವ ಸೆಕ್ಷನ್ನು

ಹಾಸನದಲ್ಲಿ ಯಾರಿಗಾದರೂ ನಾನು ಕ್ಯುರೇಟರ್ ಅಂದರೆ
'ಕ್ಯೂರಿಂಗಲ್ಲಾ? ಯಾವ ಸೆಕ್ಷನ್ನು?' ಅನ್ನುತ್ತಾರೆ.
ಇಪ್ಪತ್ತೆರಡು ವರ್ಷ ತಿದ್ದಿದೆ.
ಈಗ ಹೌದು ಅನ್ನುತ್ತೇನೆ,
ಆರಿಸುವ ಸೆಕ್ಷನ್ನು.

ಅವ್ವ ಇದ್ದದ್ದು ಅಲ್ಲೇ, ಈ ಶೆಡ್ಡಿನಲ್ಲೇ,
ಕಿಟಕಿಯಿಂದ ಮೂರನೇ ಸಾಲು,
ಕಾಫಿ ಬೀಜದ ಗುಡ್ಡೆಯ ಮುಂದೆ ಕಾಲು ಚಾಚಿ.
ಕಪ್ಪು, ಒಡಕು, ಹುಳ ಕೊರೆದದ್ದು, ಬಿಳಿಚಿಕೊಂಡದ್ದು
ಬೆರಳಿಗೇ ಗೊತ್ತಾಗುತ್ತಿತ್ತು;
ಬಾಯಿ ಪಕ್ಕದ ಸಾಲಿನ ಜವರಮ್ಮನ ಮಗಳಿಗೆ ಗಂಡು ಹುಡುಕುತ್ತಿತ್ತು.
ಮೂಟೆ ಲೆಕ್ಕದ ಆ ಕೂಲಿಯಲ್ಲಿ
ನಾನು ಮೈಸೂರಿಗೆ ಹೋಗಿ ಚಿತ್ರಕಲೆ ಓದಿದೆ.
ನನ್ನ ಕೈಯಲ್ಲಿ ಏನೂ ಇಲ್ಲವೆಂದು ಎರಡನೇ ವರ್ಷಕ್ಕೇ ತಿಳಿಯಿತು,
ಬೇರೆಯವರ ಕೈ ಮಾಡಿದ್ದರ ಮುಂದೆ
ಊಟ ಮರೆತು ನಿಲ್ಲಬಲ್ಲೆ ಎಂದೂ.

ಮೊದಲು ಗ್ಯಾಲರಿಯಲ್ಲಿ ಮೊಳೆ ಎಣಿಸಿದೆ.
ಆಮೇಲೆ ಏಣಿಯ ಮೇಲಿನವನಿಗೆ ರಸಮಟ್ಟ ಹಿಡಿದೆ.
ಆಮೇಲೆ ಗೋಡೆಯ ಚೀಟಿ ಬರೆದೆ: ಹೆಸರು, ಇಸವಿ, ಯಾವುದರ ಮೇಲೆ ಏನು.
ಆಮೇಲೆ ಯಾವಾಗಲೋ, ಯಾರೂ ಹೇಳದೆ,
ಬೇಡ ಅನ್ನುವ ಕೆಲಸ ನನ್ನದಾಯಿತು.
ಈ ಸಲದ ವಸ್ತುವಿಗೆ ಹೊಂದುವುದಿಲ್ಲ.
ಜಾಗ ಸಾಲದು. ಮುಂದೆ ಖಂಡಿತ.
ಸಂಪರ್ಕದಲ್ಲಿರಿ.

ಪೆನ್ಷನ್ ಮೊಹಲ್ಲಾದ ಖುದ್ದೂಸ್ ಸಾಬರು ಮೂರು ಸಲ ಬಂದರು.
ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರಿಲ್ಲ,
ಹಳೇ ತಗಡಿನ ಮೇಲೆ ಒಂದೊಂದೇ ಅಕ್ಷರ
ತಮ್ಮ ಪಾಡಿಗೆ ಬರೆಯುತ್ತಿದ್ದರು.
ಕೊನೇ ಸಲ ಆಟೋ ಟಾಪಿಗೆ ಕಟ್ಟಿ ತಂದದ್ದು
ಆಳೆತ್ತರದ ಒಂದು ಳ.
'ಇದರಿಂದ ಯಾವ ಅಂಗಡಿ ಹೆಸರೂ ಶುರುವಾಗಲ್ಲ ಮೇಡಂ.
ನಲವತ್ತು ವರ್ಷ ಹಿಂದೆ ಹಿಂದೆ ನಿಲ್ಲಿಸಿದೀನಿ,
ಒಂದ್ಸಲ ಮುಂದೆ ನಿಲ್ಲಲಿ ಅಂತ.'

ಸಂಪರ್ಕದಲ್ಲಿರಿ, ಅಂದೆ.

ಮರುವರ್ಷ ಕೊಚ್ಚಿಯಲ್ಲಿ
ಜರ್ಮನಿಯವನೊಬ್ಬನ ಒಂಟಿ ಅಕ್ಷರಕ್ಕೆ
ಮುನ್ನೂರು ಪದ ಬರೆದೆ. ಎರಡು ದೀಪ ಹಾಕಿಸಿದೆ.

ಬಣ್ಣ ನೋಡಿ ಆರಿಸುವ ಯಂತ್ರ ಬಂತು, ಸಾಲುಗಳು ಎದ್ದವು,
ಶೆಡ್ಡಿಗೆ ಬೀಗ ಬಿತ್ತು.
ಈಗ ನಲವತ್ತು ದಿನದ ಮಟ್ಟಿಗೆ ಬೀಗದ ಕೈ ನನ್ನ ಬಳಿ.
ಗೋಡೆಗೆ ಸುಣ್ಣ, ಒಂಬತ್ತು ಕಲಾವಿದರು,
ಚಿತ್ರದ ನಡು ನೆಲದಿಂದ ಐವತ್ತೇಳು ಇಂಚು,
ಕಲಿಸಿದವರು ಹೇಳಿದ್ದು ಅಷ್ಟೇ.
ಅವ್ವನ ಕಣ್ಣು ಐವತ್ತಕ್ಕೇ ನಿಲ್ಲುತ್ತದೆ.
ಕತ್ತೆತ್ತಿ ಒಂದು ಸುತ್ತು ಬಂದಳು,
ಮೂರನೇ ಸಾಲಿದ್ದ ಕಡೆ ನೆಲವನ್ನೇ ಹೆಚ್ಚು ನೋಡಿದಳು.
'ಆರಿಸಿರೋದು ಸರಿಯಾಗೈತೆ ಕಣೆ.
ತೆಗೆದಿದ್ದನ್ನ ಎಲ್ಲಿಟ್ಟೆ?'

ನಾನು ಇಮೇಲು ಅದು ಇದು ಅಂದೆ.

'ನಮ್ಮಲ್ಲಿ ಕಪ್ಪಿಗೊಂದು ಮೂಟೆ, ಒಡಕಿಗೊಂದು ಮೂಟೆ ಇತ್ತು,
ಅದಕ್ಕೂ ಗಿರಾಕಿ ಇದ್ದ.
ಎಸೆದವಳ ಕೂಲೀಲಿ ಮುರ್ಕೊಳೋರು.'

ಸಂಜೆ ಪೆನ್ಷನ್ ಮೊಹಲ್ಲಾಕ್ಕೆ ಹೋದೆ.
ಸಾಬರು ಹೋಗಿ ಎರಡು ರಂಜಾನ್ ಆಗಿದೆ,
ಮಗ ಮುನೀರ್ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ.
'ಅಬ್ಬಾದು? ಒಂದೇ ಉಳ್ಕೊಂಡಿರೋದು, ಬನ್ನಿ,'
ಹಿತ್ತಲಿಗೆ ಕರೆದ.
ಳ ಅಂಗಾತ ಮಲಗಿತ್ತು ನಾಲ್ಕು ಗೂಟದ ಮೇಲೆ.
ಅದರ ನೆರಳಲ್ಲಿ ಮೇಕೆ, ಎರಡು ಮರಿ,
ಒಂದರ ಮೈ ಇನ್ನೂ ಒದ್ದೆ.
'ನಿನ್ನೆ ರಾತ್ರಿ ಹಾಕಿದೆ. ಬೇಕೇ ಬೇಕಂದ್ರೆ ಬಿಚ್ತೀನಿ.'

ಬೇಡ ಅಂದೆ.
ಆ ಮಾತು ಅಷ್ಟು ಹಗುರವಾಗಿ
ಹಿಂದೆಂದೂ ಬಾಯಿಂದ ಬಂದಿರಲಿಲ್ಲ.

ಬೆಳಗ್ಗೆ ಕಿಟಕಿ ಪಕ್ಕದ ಖಾಲಿ ಗೋಡೆಗೆ
ಐವತ್ತು ಇಂಚಿನಲ್ಲಿ ಚೀಟಿ ಅಂಟಿಸಿದೆ:
ಅಬ್ದುಲ್ ಖುದ್ದೂಸ್. ಳ.
ತಗಡಿನ ಮೇಲೆ ಎನಾಮಲ್ ಬಣ್ಣ.
ಸದ್ಯ ಬಳಕೆಯಲ್ಲಿದೆ.

ಅವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿದಳು,
ಕತ್ತು ಎತ್ತದೆ.