ಚಿಪ್ಪು

ಮೊದಲು ಕಾಲು ಬಾತಿತು. ಆಮೇಲೆ ಹೊಟ್ಟೆ.
ಕೋಡಿಬಾಗದ ಹೆಂಗಸರು ಕಣ್ಣಲ್ಲೇ ತಿಂಗಳು ಎಣಿಸಿದರು,
ನಲವತ್ತೇಳರಲ್ಲಿ!
ಒಬ್ಬ ಡಾಕ್ಟರು ಲಿವರ್ ಎಂದರು. ಕುಡೀತೀಯಾ?
ಚಾ ಮಾತ್ರ, ಎಂದೆ.

ಕತ್ತಿನ ನರ ನೋಡಿದವಳು
ಕಾರವಾರದ ದೊಡ್ಡಾಸ್ಪತ್ರೆಯ ಎಳೆ ಹುಡುಗಿ.
ಕೂತಾಗಲೂ ಉಬ್ಬಿದ್ದ ನರ
ಉಸಿರೆಳೆದರೆ ಇಳಿಯದೆ ಇನ್ನಷ್ಟು ಏರುತ್ತಿತ್ತಂತೆ.
ಹಿಂದೆ ಟಿಬಿ ಆಗಿತ್ತಾ?
ಆಗಿತ್ತು. ಆರು ತಿಂಗಳು ಗುಳಿಗೆ ನುಂಗಿ ಮರೆತಿದ್ದೆ.
ಎದೆ ಮರೆತಿರಲಿಲ್ಲ.

ಗುಂಡಿಗೆ ಗಟ್ಟಿಯಿದೆ ಶೇವಂತಕ್ಕ,
ಸುತ್ತಲಿನ ಚೀಲ ಸುಣ್ಣಗಟ್ಟಿದೆ,
ಹಿಗ್ಗಲು ಜಾಗವಿಲ್ಲ ಎಂದಳು.
ಅದು ನನಗೆ ಮೊದಲೇ ಗೊತ್ತಿತ್ತು,
ಬೇರೆ ಅರ್ಥದಲ್ಲಿ.

ಕಾಳಿಯ ಅಳಿವೆಯಲ್ಲಿ ಮೂವತ್ತು ವರ್ಷ
ಕಲಗ ಬಿಡಿಸಿದ ಕೈ ಇದು.
ಮಣಿಪಾಲದಲ್ಲಿ ಕೊಯ್ಯುವ ಡಾಕ್ಟರಿಗೆ ಹೇಳಿದೆ:
ಸಂದಿಗೆ ತುದಿ ಹಾಕಿ, ಅವಸರ ಬೇಡ,
ಅಂಟಿದಲ್ಲಿ ಎಳೆಯಬೇಡಿ,
ಚೂರು ಚಿಪ್ಪು ಉಳಿದರೂ ಸೈ, ಮಾಂಸ ಹರಿಯಬಾರದು.
ಆತ ನಗಲಿಲ್ಲ.
ಹೌದು, ಹಾಗೇ, ಎಂದ.

ಈಗ ದಿನಾ ಬೆಳಗ್ಗೆ
ಮೀನು ತೂಗುವ ಕಾಟಾದ ಮೇಲೆ ನಾನೇ.
ಎರಡು ಕಿಲೋ ಏರಿದರೆ ಫೋನು ಮಾಡಬೇಕು.
ನೀರಿಳಿಸುವ ಗುಳಿಗೆ ಅರ್ಧಕ್ಕೆ ಬಂದಿದೆ.
ಒಣಮೀನು ಬಂದ್. ಉಪ್ಪಿಲ್ಲದ ಗಂಜಿ,
ಸಮುದ್ರವನ್ನು ಬಾಗಿಲಲ್ಲೇ ಇಟ್ಟುಕೊಂಡು!
ತಂಗಿ ಕೊಕಂ ಹುಳಿ ಹಿಂಡಿ ಕೊಡುತ್ತಾಳೆ,
ನಾಲಿಗೆಗೆ ಮೋಸ ಮಾಡಲು. ಅದು ಮೋಸ ಹೋಗುವುದಿಲ್ಲ.

ರಾತ್ರಿ ಕಣಕಾಲಿಗೆ ಹೆಬ್ಬೆರಳು ಒತ್ತಿ ನೋಡುತ್ತೇನೆ.
ಗುಳಿ ಬೀಳುತ್ತದೆ,
ಇಳಿತದ ಹಸಿ ಮರಳಿನ ಹಾಗೆ
ನಿಧಾನ ತುಂಬಿಕೊಳ್ಳುತ್ತದೆ.
ನಿನ್ನೆಗಿಂತ ಬೇಗ, ಅನ್ನಿಸುತ್ತದೆ.
ಮತ್ತೆ ಒತ್ತುತ್ತೇನೆ.