ಬೆನ್ನು ತಿರುಗಿಸಿದ ಆನೆ

ತಾಳವಾಡಿಯಲ್ಲಿ ಬೆಣ್ಣೆ ಎರಡು ಥರ ಮೊಂಡು.
ಮಾಗಿಯಲ್ಲಿ ಇಟ್ಟಿಗೆ: ಚಮಚ ಬಾಗುತ್ತದೆ, ಅದು ಬಾಗುವುದಿಲ್ಲ.
ಯುಗಾದಿ ಕಳೆಯಿತೋ, ನೋಡನೋಡುತ್ತ ಎಣ್ಣೆ.
ನಡುವೆ ಎಲ್ಲೋ ಒಂದು ಗಳಿಗೆಯಿದೆ,
ಒತ್ತಿದರೆ ಗುಳಿ ಬೀಳಬೇಕು, ಬೆರಳು ಒದ್ದೆಯಾಗಬಾರದು.
ಆ ಗಳಿಗೆಗೆ ಕಾದು ಕೂರುವುದೇ ನನ್ನ ಕಸುಬು.
ಉಳಿದದ್ದು ಬೀಟರಿನ ಕೆಲಸ, ಕರೆಂಟು ಇದ್ದರೆ.

ಸಕ್ಕರೆಯನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ
ಹಳೇ ಪಂಚೆಯಲ್ಲಿ ಎರಡು ಸಲ ಸೋಸುತ್ತೇನೆ.
ಅತ್ತೆ ಅನ್ನುತ್ತಾರೆ,
“ಈಬೂತಿಯನ್ನೂ ಇಷ್ಟು ನುಣ್ಣಗೆ ಯಾರೂ ಸೋಸಲ್ಲ ಕನಾ.”

ಹೋದ ತಿಂಗಳು ಜೆಸಿಬಿ.
ಅರಿಸಿನಕ್ಕಿಂತ ಹಳದಿ, ಬಕೆಟ್ಟಿನಲ್ಲಿ ಬಿಸ್ಕತ್ತಿನ ಮಣ್ಣು.
ಮಲ್ಲಂಗುಳಿಯ ಆ ಹೈದ
ಚಕ್ರ ಕುಯ್ಯಲು ಬಿಡದೆ ರಾತ್ರಿಯೆಲ್ಲ ಅತ್ತನಂತೆ.

ಈಗ ಜೋರೆ ಹೊಸೂರಿನ ಕೋಮಲ ಬಂದಿದ್ದಾಳೆ.
ಮಗಳು ಮೌಲ್ಯಳಿಗೆ ಐದು ತುಂಬುತ್ತದೆ, ಕಾಡಿನ ಥೀಮು.
ಫೋನಿನಲ್ಲಿ ಚಿತ್ರ ತೋರಿಸಿದಳು:
“ಸಿಂಹ ಇರಲಿ, ಜಿರಾಫೆ ಇರಲಿ,
ನಮ್ಮ ಕಡೆ ಇಲ್ಲದ್ದು ಎಷ್ಟು ಬೇಕಾದರೂ ಇರಲಿ ಅಕ್ಕ.
ಆನೆ ಮಾತ್ರ ಬ್ಯಾಡ.”

ಯಾಕೆಂದು ಕೇಳಲಿಲ್ಲ.
ಗೊನೆ ಬಿಟ್ಟ ನೂರಿಪ್ಪತ್ತು ಬಾಳೆ, ಒಂದೇ ರಾತ್ರಿ.
ಅಂದಿನಿಂದ ಅವಳ ಗಂಡ ಗಿರಿಮಲ್ಲ
ಅಟ್ಟಣೆಯ ಮೇಲೆ ಮಲಗುತ್ತಾನೆ.
ಮಲಗುತ್ತಾನೆ ಅನ್ನುವುದು ಮಾತಿಗೆ.
ಟಾರ್ಚು, ತಗಡಿನ ಡಬ್ಬ, ಒಂದು ಕಟ್ಟು ಪಟಾಕಿ.
ಮಗಳು ಶಾಲೆಗೆ ಹೊರಡುವ ಹೊತ್ತಿಗೆ ಬಂದು ಬೀಳುತ್ತಾನೆ.

ಗುರುವಾರ, ಶಾಲೆಯ ಆಟೋ ಕಾಯುವ ನೆಪದಲ್ಲಿ
ಮೌಲ್ಯ ನನ್ನ ಕಿಟಕಿಯ ಕಂಬಿಗೆ ಮೂಗೊತ್ತಿದಳು.
“ದೊಡ್ಡಮ್ಮ, ಆನ ಹಾಕು.”
ನಿಮ್ಮವ್ವ ಬ್ಯಾಡ ಅಂದವಳಲ್ಲ?
“ಬತ್ತಾ ಇರೊ ಆನ ಬ್ಯಾಡ.
ಓಯ್ತಾ ಇರೊ ಆನ ಹಾಕು.”

ಮುಂದಿನಿಂದ ಆನೆ ಸುಲಭ.
ಎರಡು ಕಿವಿ, ಒಂದು ಸೊಂಡಿಲು, ಯಾರು ಮಾಡಿದರೂ ಆನೆಯೇ.
ಹಿಂದಿನಿಂದ?
ಒಮ್ಮೆ ದಿಂಬಂ ತಿರುವಿನಲ್ಲಿ ಬಸ್ಸು ನಿಂತಾಗ ಕಂಡದ್ದು ನೆನಪು:
ಯಾರದೋ ದೊಗಳೆ ಪ್ಯಾಂಟು ತೊಟ್ಟ ಮುದುಕ
ಅವಸರವಿಲ್ಲದೆ ಪೊದೆಗೆ ಇಳಿದ ಹಾಗೆ.

ಬಿಳಿ ಕ್ರೀಮಿಗೆ ಕಡ್ಡಿಯ ತುದಿಯಷ್ಟು ಕಪ್ಪು.
ಬೂದು ಬಣ್ಣ ರಾತ್ರಿ ಕಳೆಯುತ್ತ ಕಪ್ಪೇರುತ್ತದೆ,
ಅದಕ್ಕೇ ತಿಳಿಯಾಗಿ ಕಲೆಸಿಡಬೇಕು.
ತೊಡೆಯ ಮಡಿಕೆಗಳನ್ನು ಚಮಚದ ಬೆನ್ನಲ್ಲಿ ಎಳೆದೆ.
ಬಾಲಕ್ಕೆ ಎಲ್ಲಕ್ಕಿಂತ ಸಣ್ಣ ನಾಜಲ್,
ಫ್ಯಾನು ಆರಿಸಿ, ಉಸಿರು ಕಟ್ಟಿ.
ಎರಡು ಬಾಲ ಮುರಿದವು. ನಾನೇ ತಿಂದೆ.
ಮೂರನೆಯದು ನಿಂತಿತು.

ಪೆಟ್ಟಿಗೆ ಬಿಚ್ಚಿದಾಗ ಕೋಮಲ ನನ್ನ ಮುಖ ನೋಡಿದಳು.
ನಾನು ಚಾಕು ಒರೆಸುತ್ತಿದ್ದೆ.
ಗಿರಿಮಲ್ಲನನ್ನು ಎಬ್ಬಿಸಿ ತಂದಿದ್ದರು,
ಕ್ರಾಪಿನಲ್ಲಿ ಇನ್ನೂ ನೀರು, ಕಣ್ಣಲ್ಲಿ ಕೆಂಪು.

“ಅಪ್ಪ, ನೋಡು, ಓಯ್ತಾದ.
ಇವತ್ತು ಮನ್ಲೇ ಮನಿಕೊ.”

ಬಲೂನು ಕಟ್ಟುತ್ತಿದ್ದ ಹುಡುಗರು ನಕ್ಕರು. ಅವನು ನಗಲಿಲ್ಲ.
ಮೇಜನ್ನು ಸುತ್ತಿ ಆಚೆ ಕಡೆ ಹೋಗಿ
ಬಗ್ಗಿ ನೋಡಿದ, ಮುಖ ಇದೆಯಾ ಎಂದು.
ಮಾಡಿರಲಿಲ್ಲ.
ಅಲ್ಲಿ ಬರೀ ಹುಲ್ಲು, ಎಳೆ ಎಳೆಯಾಗಿ, ಬೋರ್ಡಿನ ಅಂಚಿನವರೆಗೂ.

ಮಕ್ಕಳು ಜಿರಾಫೆಯಿಂದ ಶುರು ಮಾಡಿದರು.
ಸಿಂಹದ ಕೇಸರ ಟೀಚರ ಪಾಲಿಗೆ.
ಆನೆಯ ತುಂಡನ್ನು ಯಾರು ತಿಂದರೋ, ನಾನು ಕಾಯಲಿಲ್ಲ,
ಕೊನೆಯ ಬಸ್ಸಿತ್ತು.

ರಾತ್ರಿ ಹತ್ತಕ್ಕೆ ಬಟ್ಟಲು ಉಜ್ಜುತ್ತಿದ್ದೆ.
ಬೆಣ್ಣೆ ತಣ್ಣೀರಿಗೆ ಜಗ್ಗುವುದಿಲ್ಲ.
ಜೋರೆ ಹೊಸೂರಿನ ದಿಕ್ಕಿಗೆ ಒಂದು ಪಟಾಕಿ.
ಮಿಕ್ಕಿದ್ದನ್ನು ಹುಡುಗರು ಹಚ್ಚಿರಬಹುದು.
ಇನ್ನೊಂದು.
ಡಬ್ಬದ ಸದ್ದು ಬರುತ್ತದೇನೋ ಎಂದು ನಲ್ಲಿ ನಿಲ್ಲಿಸಿದೆ.

ಉಗುರ ಸಂದಿಯಲ್ಲಿ ಬೂದು ಹಾಗೇ ಇತ್ತು,
ಸಂಜೆಗಿಂತ ಒಂದು ಕಡ್ಡಿಯಷ್ಟು ಕಪ್ಪಾಗಿ.