ಲಿಫ್ಟಿನಲ್ಲಿ ಹಿರಿಯರು

ಒಗೆದ ದುಪ್ಪಟಿಗಳ ಗಾಡಿ ತಳ್ಳಿಕೊಂಡು
ಹದಿನಾಲ್ಕನೇ ಮಹಡಿಗೆ ಹೋಗುತ್ತಿದ್ದೆ.
ಲಿಫ್ಟಿನ ನೆತ್ತಿಯಿಂದ ಸೋದರಮಾವನ ಎಂಬಿರಾ.

ಬಾಗಿಲು ತೆರೆಯಿತು, ಮುಚ್ಚಿತು.
ಇಳಿಯದೆ ಮತ್ತೆ ಕೆಳಗೆ ಬಂದೆ.

ಲಿಂಪೊಪೊ ದಾಟುವಾಗ ನನ್ನ ಕಾಗದಗಳನ್ನು
ಮೂರು ಸಲ ಮಗುಚಿ ನೋಡಿದರು.
ಮಾವ ಹೇಗೆ ದಾಟಿದ, ಜೋಹಾನ್ಸ್‌ಬರ್ಗಿಗೆ, ಸತ್ತ ಮೇಲೆ?

ಗುರುತು ಹೇಗೆ ತಪ್ಪೀತು? ಎಡ ಹೆಬ್ಬೆರಳು
ಮೂರನೇ ಕಬ್ಬಿಣದ ಕಡ್ಡಿಗೆ ಬರುವಾಗ
ಕೂದಲೆಳೆಯಷ್ಟು ತಡ, ಸದಾ.
ಬಾವಿಯ ರಾಟೆಗೆ ಸಿಕ್ಕಿ ಮುರಿದ ಬೆರಳು.
ಆ ತಡವನ್ನೇ ತಾಳವೆಂದು ನಮ್ಮೂರು ಕಲಿತಿತ್ತು.
ಅದಕ್ಕೆ ಸರಿಯಾಗಿ ಅವ್ವ ಸೋರೆಬುರುಡೆಯ ಗಿಲಕಿ ಆಡಿಸುವಳು;
ಅವಳ ಬೆನ್ನಿಗೆ ಕಟ್ಟಿಸಿಕೊಂಡು ನಾನು ನಿದ್ದೆಹೋಗುವೆ.

ಕೇಳಿ ತಲೆದೂಗುವ ಹಾಡಲ್ಲ ಸ್ವಾಮಿ, ಇದು
ಕರೆಯುವ ಹಾಡು.
ಏಳು ದಿನ ರಾಗಿಯ ಮದ್ಯ ಹುದುಗಬೇಕು,
ಚಪ್ಪಲಿ ಹೊರಗೆ, ಗಡಿಯಾರ ಹೊರಗೆ,
ನಶ್ಯ ಅಂಗೈಯಲ್ಲಿ, ರಾತ್ರಿಯೆಲ್ಲ ನುಡಿಸಬೇಕು.
ಆಗ ಬರುತ್ತಾರೆ. ಯಾರದೋ ಮೈಮೇಲೆ ಇಳಿದು
ಮೊದಲು ನೀರು ಕೇಳುತ್ತಾರೆ,
ಆಮೇಲೆ ಹೊಲದ ಜಗಳ, ಮಗುವಿನ ಹೆಸರು, ಬಾರದ ಮಳೆ;
ಬೆಳಕು ಹರಿಯುವ ಮುಂಚೆ ಹೊರಟುಬಿಡುತ್ತಾರೆ.
ಕರೆದವರು ಎದುರಿಗೆ ಕೂತಿರಬೇಕು. ಅಷ್ಟೇ ನೇಮ.

ಇಲ್ಲಿ ಯಾರು ಕೂತಿದ್ದಾರೆ?
ದಿನಕ್ಕೆ ಇನ್ನೂರು ಸಲ ಕರೆಯುತ್ತದೆ ಈ ಲಿಫ್ಟು.
ಇನ್ನೂರು ಸಲವೂ ಬರುತ್ತಾರೇನೋ,
ಮೊಣಕಾಲು ನೀವಿಕೊಳ್ಳುತ್ತ,
ಟೈ ಸರಿಮಾಡಿಕೊಳ್ಳುವವನ ಪಕ್ಕ ಒತ್ತರಿಸಿ ನಿಂತು,
ಕನ್ನಡಿಯಲ್ಲಿ ತಮ್ಮ ಮುಖ ಹುಡುಕಿ,
ಯಾರಪ್ಪ ಕೂಗಿದ್ದು ಎಂದು ಕೇಳುತ್ತ,
ಒಂಬತ್ತರಲ್ಲಿ ಇಳಿಯುವುದೋ ಹನ್ನೊಂದರಲ್ಲೋ ತಿಳಿಯದೆ.

ಟೇಪು ಮಾಡಿಕೊಂಡು ಹೋದವನು ಒಳ್ಳೆಯವನೇ.
ಸಕ್ಕರೆ ತಂದಿದ್ದ, ಸಾಬೂನು, ಮಾವನಿಗೊಂದು ಕೋಟು.
ಕಾಗದದ ಮೇಲೆ ಮಾವ ಹೆಬ್ಬೆಟ್ಟು ಒತ್ತಿದ.
ಅದೇ ಹೆಬ್ಬೆರಳು.
ಆ ಕೋಟಿನಲ್ಲೇ ಅವನನ್ನು ಮಣ್ಣು ಮಾಡಿದೆವು.

ಆಮೇಲೆ ಯಾರ ಕೈಯಿಂದ ಯಾರ ಕೈಗೋ.
ಈಗ ಅಡಿಗೆ ಡ್ರಮ್ಮು ಹಾಸಿದ್ದಾರೆ, ಕಡಲಿನ ಅಲೆ ಸೇರಿಸಿದ್ದಾರೆ,
ಬುಹೇರಾದವರು ಕಡಲು ಕಂಡವರಲ್ಲ.
ಹಲಗೆಗೆ ಮಾವ ಕಟ್ಟಿದ್ದ ಬಸವನಹುಳದ ಚಿಪ್ಪುಗಳು
ಗುಂಯ್‌ಗುಡುತ್ತಿದ್ದವಲ್ಲ, ಅದನ್ನು ಗದ್ದಲವೆಂದು ಒರೆಸಿದ್ದಾರೆ.
ಆ ಗುಂಯ್‌ಗುಟ್ಟುವಿಕೆಯ ಒಳಗಿಂದಲೇ ಅವರು ಬರುತ್ತಿದ್ದುದು.
ಮನೆ ಚೊಕ್ಕಟ ಮಾಡಲು ಬಂದವರು
ಹೊಸ್ತಿಲನ್ನೂ ಗುಡಿಸಿಕೊಂಡು ಹೋದರು.

ಮ್ಯಾನೇಜರನ್ನು ಕೇಳಿದೆ. ಲೈಸೆನ್ಸು ಇದೆಯಮ್ಮ,
ತಿಂಗಳು ತಿಂಗಳು ಕಟ್ಟುತ್ತೇವೆ, ಎಂದ. ಯಾರಿಗೆ?
ಪರದೆ ನನ್ನತ್ತ ತಿರುಗಿಸಿದ:
ಸಾಂಪ್ರದಾಯಿಕ. ಕರ್ತೃ ಅಜ್ಞಾತ.

ನ್ಹಾಮೊಯಿನೇಸು ಅಂತ ಅವನ ಹೆಸರು.
ಕಷ್ಟ ನಮ್ಮೊಡನೆ ಇದೆ, ಎಂದು ಅದರ ಅರ್ಥ.

ಅವನ ಮಗ ಜ್ವಿಡ್ಜಾಯಿ ಮೊನ್ನೆ ಹುಣಿಸೆಯಡಿ ಕೂತು
ಶಾಲೆಮಕ್ಕಳಿಗೆ ನುಡಿಸಿ ಫೋನಿನಲ್ಲಿ ಹಾಕಿದನಂತೆ.
ಗಂಟೆಯೊಳಗೆ ತೆಗೆದುಹಾಕಿದರು:
ನಿಮ್ಮದಲ್ಲದ ಸ್ವತ್ತು ಬಳಸಿದ್ದೀರಿ.
ಅದು ನನ್ನಪ್ಪನ ಬೆರಳು, ಎಂದು ಬರೆದ.
ಬೆರಳಿಗೆ ಆ ಫಾರಮಿನಲ್ಲಿ ಜಾಗವಿರಲಿಲ್ಲ.

ನಿಜ ಹೇಳಬೇಕೆಂದರೆ ಹಾಡು ಮಾವನದೂ ಅಲ್ಲ.
ಕನಸಿನಲ್ಲಿ ಅವನ ಅಜ್ಜಿ ಕೊಟ್ಟದ್ದು, ಅವಳಿಗೆ ಇನ್ನ್ಯಾರೋ.
ತಡ ಮಾತ್ರ ಅವನದು.
ಅದಕ್ಕೆ ಬೆಲೆ ಕಟ್ಟಿ ಎಂದರೆ ನಾನೂ ತಡವರಿಸುತ್ತೇನೆ.

ಬೆಳಗಿನ ಜಾವ ಮೂರು. ಲಿಫ್ಟಿನಲ್ಲಿ ನಾನೊಬ್ಬಳೆ.
ಬೂಟು ಕಳಚಿ ನೆಲಕ್ಕೆ ಕೂತು
ಅಂಗೈ ಬೊಗಸೆಮಾಡಿ ಮೆಲ್ಲಗೆ ತಟ್ಟಿದೆ, ಅವ್ವ ಕಲಿಸಿದ ಹಾಗೆ:
ಕರೆದದ್ದು ನಾನಲ್ಲ. ಆದರೂ ಕೂತಿದ್ದೇನೆ.

ಅತಿಥಿಗಳ ಕೋಣೆಗೆಂದಿದ್ದ ಬಾಟಲಿಯ ಮುಚ್ಚಳ ತಿರುವಿ
ಮೂಲೆಗೆ ಇಟ್ಟೆ.
ಸಂಬಳದಲ್ಲಿ ಹಿಡಿಯುತ್ತಾರೆ. ಹಿಡಿಯಲಿ.
ದೂರದಿಂದ ಬಂದವರು, ಬಾಯಾರಿದ್ದಾರೆ.